‘ಪಾಪ’ ಅನ್ನಬೇಡಿ ಸ್ವಾಮಿ

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಹದಿಮೂರನೇ ಶತಮಾನದ ಪ್ರೊವೆನ್ಸ್‌ನ (ಇಂದಿನ ದಕ್ಷಿಣ ಫ್ರಾನ್ಸಿನ ಸೀಮೆ) ಕೌಂಟ್, ಅಂದರೆ ಅಲ್ಲಿನ ಒಡೆಯ, ರೇಮಂಡ್ ಬೆರೆಂಗರ್‌ನ ಬಗ್ಗೆ, ಅವನ ನಾಲ್ವರು ಹೆಣ್ಣುಮಕ್ಕಳ ಬಗ್ಗೆ ಎರಡು ಮಾತು ಹೇಳಿದ್ದೆ. ಕೆಳಗೆ ಒಬ್ಬರು ಬರೆದಿದ್ದಾರೆ: ‘ಪಾಪ, ನಾಲ್ಕೂ ಹೆಣ್ಣೇ.’ ಚಹಾ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟೆ. ಅಂದಹಾಗೆ ಈ ಲೋಟದ ಮೇಲಿರುವುದು ನಮ್ಮ ವಾಹಿನಿಯದೇ ಹೆಸರು, ಬೇಕಾದವರಿಗೆ ಕೊಂಡಿ ಕೆಳಗಿದೆ.

ಯಾರಿಗೆ ಪಾಪ? ಹಿರಿಯಳು ಮಾರ್ಗರೆಟ್ 1234ರಲ್ಲಿ ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿಯ ಕೈಹಿಡಿದಳು. ಎಲೀನರ್ 1236ರಲ್ಲಿ ಇಂಗ್ಲೆಂಡಿನ ಮೂರನೇ ಹೆನ್ರಿಯ ರಾಣಿಯಾದಳು. ಸಾಂಚಿಯಾಳ ಗಂಡ ರಿಚರ್ಡ್, ಹೆನ್ರಿಯ ತಮ್ಮ, 1257ರಲ್ಲಿ ಜರ್ಮನಿಯ ಕಿರೀಟ ತೊಟ್ಟ. ಕಿರಿಯಳು ಬಿಯಾಟ್ರಿಸ್ ಲೂಯಿಯ ತಮ್ಮ ಚಾರ್ಲ್ಸ್‌ನನ್ನು ಮದುವೆಯಾಗಿ ಸಿಸಿಲಿಯ ರಾಣಿಯಾದಳು. ಅಕ್ಕತಂಗಿಯರೇ ವಾರಗಿತ್ತಿಯರು, ಅದೂ ಎರಡೆರಡು ಜೋಡಿ! 1259ರಲ್ಲಿ ಪ್ಯಾರಿಸ್‌ನಲ್ಲಿ ಹೆನ್ರಿ ಮಂಡಿಯೂರಿ ನಿಷ್ಠೆ ಒಪ್ಪಿಸಿದ್ದು ಯಾರಿಗೆ? ಸ್ವಂತ ಷಡ್ಡಕ ಲೂಯಿಗೆ. ನಾಲ್ಕು ಹೆಣ್ಣು, ನಾಲ್ಕು ಕಿರೀಟ. ಪಾಪವಂತೆ!

‘ವರದಕ್ಷಿಣೆಯಲ್ಲಿ ಮುಳುಗಿದನಲ್ಲ’ ಎನ್ನುತ್ತೀರಿ. ಮಾರ್ಗರೆಟ್‌ಗೆ 10,000 ಮಾರ್ಕ್ (ಆಗಿನ ಬೆಳ್ಳಿಯ ಲೆಕ್ಕದ ಹಣ) ಒಪ್ಪಿಕೊಂಡ, ನಿಜ. ಅದು ಪೂರ್ತಿ ಸಂದಾಯವಾಗಲೇ ಇಲ್ಲ. ಮುಳುಗಿದ್ದು ಮಾವನೋ ಅಳಿಯನೋ ನೀವೇ ಹೇಳಿ.

‘ಆದರೂ ರಾಜ್ಯ ಪರರ ಪಾಲಾಯಿತು.’ ಮಗಳು ಪರರೇ? 1238ರಲ್ಲಿ ಸಿಸ್ಟರಾನ್‌ನಲ್ಲಿ ಉಯಿಲು ಬರೆಸಿ, ಕೈಯಾರೆ ಕಿರಿಯಳಿಗೇ ಪ್ರೊವೆನ್ಸ್ ಬಿಟ್ಟ. 1245ರಲ್ಲಿ ತೀರಿಹೋದ. ಚಾರ್ಲ್ಸ್ ಬಂದು ಅಧಿಕಾರ ನಡೆಸಿದ, ಅದು ಬೇರೆ ಮಾತು; ಇವತ್ತು ಆ ಮಾತಿಗೆ ಸಮಯವಿಲ್ಲ. ಮಾರ್ಗರೆಟ್ ತನ್ನ ಪಾಲಿಗಾಗಿ ವರ್ಷಗಟ್ಟಲೆ ಜಗಳವಾಡಿದಳು, ಅದನ್ನೂ ಒಪ್ಪುತ್ತೇನೆ. ಗಂಡುಮಕ್ಕಳಿರುವ ಮನೆಯಲ್ಲಿ ಆಸ್ತಿಗೆ ಜಗಳವೇ ಇಲ್ಲವೇ? ಇಂಗ್ಲೆಂಡಿನ ಎರಡನೇ ಹೆನ್ರಿಗೆ ಗಂಡುಮಕ್ಕಳಿದ್ದರಲ್ಲ! 1173ರಲ್ಲಿ ಮೂವರು ಅಪ್ಪನ ಮೇಲೆಯೇ ದಂಡೆತ್ತಿದರು. ಅವನಿಗೆ ಅನ್ನಿ ಪಾಪ. ಮೂರು ಸಲ ಅನ್ನಿ.

ಇನ್ನೊಬ್ಬರು, ಚಿತ್ರದಲ್ಲಿ ಬುಲೆಟ್ ಮೇಲೆ ಕೂತವರು, ‘ಒಂದು ಗಂಡಿದ್ದಿದ್ದರೆ’ ಎಂದು ಬರೆದು ಮೂರು ಚುಕ್ಕಿ ಇಟ್ಟಿದ್ದಾರೆ. ಇದ್ದಿದ್ದರೆ ಏನು? ಚುಕ್ಕಿ ಬಿಟ್ಟು ಮುಂದೆ ಬರೆಯಿರಿ! ನಾಲ್ಕು ರಾಣಿಯರು ಸ್ವಾಮಿ. ನಾಲ್ಕು! ಬೆರಳು ಮಡಚಿ ಎಣಿಸಿ.

ಚಂದಾದಾರರಾಗದವರು ಆಗಿ, ಗಂಟೆ ಒತ್ತಿ. ಮುಂದಿನ ವಾರ ರೇಮಂಡ್‌ನ ಹೆಂಡತಿ, ಸವಾಯ್ ಮನೆತನದ ಬಿಯಾಟ್ರಿಸ್. ಹೌದು, ತಾಯಿಗೂ ಮಗಳಿಗೂ ಒಂದೇ ಹೆಸರು, ಅದಕ್ಕೂ ನನ್ನನ್ನು ಬೈಯಬೇಡಿ. ಅವಳಿಗೂ ‘ಪಾಪ’ ಎಂದು ಬರೆದರೆ ನಾನು ಓದುವುದಿಲ್ಲ. ಓದುತ್ತೇನೆ, ಉತ್ತರ ಕೊಡುವುದಿಲ್ಲ. ಕೊಡುತ್ತೇನೆ.