ಹಳೆಯ ಅಂಬಾಸಿಡರ್‌ಗೆ ಬೇರೆ ಎಂಜಿನ್: ಗೇರ್‌ಬಾಕ್ಸ್ ಒಪ್ಪುತ್ತದೆಯೇ?

ನಮಸ್ಕಾರ. ತೀರ್ಥಹಳ್ಳಿ ಕಡೆಯ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. ಅವರ ಅಜ್ಜನ ಅಂಬಾಸಿಡರ್ ಕಾರಿನ 1489 ಸಿಸಿ ಎಂಜಿನ್ ಸವೆದುಹೋಗಿದೆ. ಇಸುಝು ಮೂಲದ 1817 ಸಿಸಿ ಪೆಟ್ರೋಲ್ ಎಂಜಿನ್ ಒಂದು ಸಿಕ್ಕಿದೆ, ಆದರೆ ಅದರ ಐದು ಗೇರಿನ ಗೇರ್‌ಬಾಕ್ಸ್ ಸಿಕ್ಕಿಲ್ಲ. ಸ್ಟಿಯರಿಂಗ್ ಪಕ್ಕದ ಕಡ್ಡಿಯಿಂದ ಗೇರು ಹಾಕುವ ಹಳೆಯ ನಾಲ್ಕು ಗೇರಿನ ಗೇರ್‌ಬಾಕ್ಸನ್ನೇ ಈ ಎಂಜಿನ್ನಿಗೆ ಕೂರಿಸಬಹುದೇ?

ಕೂರಿಸಬಹುದು. ಗೇರ್‌ಬಾಕ್ಸ್ ಬ್ರಿಟಿಷ್ ವಿನ್ಯಾಸದ್ದು, ಎಂಜಿನ್ ಜಪಾನಿನದ್ದು. ಬೋಲ್ಟಿನ ತೂತುಗಳು ಹೊಂದುವುದಿಲ್ಲವಾದ್ದರಿಂದ ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ಕ್ಲಚ್ ಪ್ಲೇಟಿನ ಹೊರಸುತ್ತು ಹೊಸ ಎಂಜಿನ್ನಿನ ಹಿಂಬದಿಯ ಭಾರದ ಚಕ್ರವಾದ ಫ್ಲೈವೀಲಿಗೂ ನಡುವಿನ ಹಲ್ಲುಗಳು ಹಳೆಯ ಗೇರ್‌ಬಾಕ್ಸಿನ ಶಾಫ್ಟಿಗೂ ಹೊಂದಬೇಕು. ಇಷ್ಟನ್ನು ಶಿವಮೊಗ್ಗದ ಯಾವುದೇ ಒಳ್ಳೆಯ ಲೇತ್ ಅಂಗಡಿಯವರು ಮಾಡಿಕೊಡುತ್ತಾರೆ. ತೊಡಕಿರುವುದು ತೂತುಗಳಲ್ಲಲ್ಲ, ಕೇಂದ್ರದಲ್ಲಿ, ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ಶಾಫ್ಟುಗಳನ್ನು ಒಂದೇ ಗೆರೆಯಲ್ಲಿ ಕೂರಿಸುವುದರಲ್ಲಿ.

[ದೃಶ್ಯ: ಬೀಸುವ ಕಲ್ಲು]

ಮಲೆನಾಡಿನ ಹಳೆಯ ಮನೆಗಳ ಮೂಲೆಯಲ್ಲಿ ಈಗಲೂ ಕಾಣುವ ಬೀಸುವ ಕಲ್ಲನ್ನು ನೋಡಿ. ಮೇಲಿನ ಕಲ್ಲು ಕೆಳಗಿನ ಕಲ್ಲಿನ ನಡುವಿನ ಗೂಟದ ಸುತ್ತ ತಿರುಗುತ್ತದೆ. ಗೂಟ ಸ್ವಲ್ಪ ವಾಲಿದರೂ ಕಲ್ಲು ಓಲಾಡುತ್ತದೆ, ಹಿಟ್ಟು ತರಿತರಿಯಾಗುತ್ತದೆ, ಬೀಸುವವರ ರಟ್ಟೆ ಸೋಲುತ್ತದೆ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ತುದಿಯೂ ಹೀಗೆಯೇ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿರುವ ಪೈಲಟ್ ಬುಷ್ ಎಂಬ ಪುಟ್ಟ ಬಳೆಯೊಳಗೆ ಕೂರುತ್ತದೆ. ಸ್ವಾರಸ್ಯವೇನೆಂದರೆ, ಕ್ಲಚ್ ಬಿಟ್ಟು ಓಡಿಸುವಾಗ ಎರಡೂ ಒಟ್ಟಿಗೇ ತಿರುಗುವುದರಿಂದ ಆ ಬುಷ್ ಸುಮ್ಮನಿರುತ್ತದೆ. ಕ್ಲಚ್ ಒತ್ತಿದಾಗ ಮಾತ್ರ ಅದಕ್ಕೆ ಕೆಲಸ. ಆದ್ದರಿಂದ ಸದಾ ಕ್ಲಚ್ ಮೇಲೆ ಕಾಲಿಟ್ಟು ಓಡಿಸುವ ನಮ್ಮ ಮಾವಂದಿರು ಅದರ ಪರಮ ಶತ್ರುಗಳು.

ಕೇಂದ್ರವನ್ನು ಅಳೆಯಲು, ಸೂಕ್ಷ್ಮ ಅಂತರವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ಫ್ಲೈವೀಲಿಗೆ ಬಿಗಿದು, ಅದರ ಮೊನೆಯನ್ನು ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗ್ ಎಂಬ ಕವಚದ ಹಿಂಭಾಗದ ದುಂಡು ರಂಧ್ರದ ಒಳಸುತ್ತಿಗೆ ತಾಗಿಸಿ, ಎಂಜಿನ್ನನ್ನು ಕೈಯಿಂದ ಒಂದು ಪೂರ್ಣ ಸುತ್ತು ತಿರುಗಿಸಬೇಕು. ಮುಳ್ಳಿನ ಒಟ್ಟು ಓಡಾಟ 0.13 ಮಿಲಿಮೀಟರಿನೊಳಗಿರಬೇಕೆಂಬುದು ಸಾಮಾನ್ಯ ಮಿತಿ. ಆದರೆ ಗೇಜು ತೋರಿಸುವುದು ನಿಜವಾದ ತಪ್ಪಿನ ಎರಡರಷ್ಟು, ಏಕೆಂದರೆ ಒಂದು ಬದಿಯಲ್ಲಿ ಕೂಡಿದಷ್ಟೇ ಎದುರು ಬದಿಯಲ್ಲಿ ಕಳೆಯುತ್ತದೆ. ಅಂದರೆ ಕೇಂದ್ರ ತಪ್ಪಲು ನಮಗಿರುವ ಅವಕಾಶ ಒಂದು ಸಾಧಾರಣ ಕಾಗದದ ದಪ್ಪಕ್ಕಿಂತಲೂ ಕಡಿಮೆ! ಇದನ್ನು ಮೀರಿದರೆ ಶಾಫ್ಟು ಪ್ರತಿ ಸುತ್ತಿಗೂ ಬಾಗಿ ಬಾಗಿ ಬೇರಿಂಗ್ ಗುಂಯ್‌ಗುಡುತ್ತದೆ, ಗೇರು ತಾನಾಗಿ ನ್ಯೂಟ್ರಲಿಗೆ ಜಾರುತ್ತದೆ.

ಇನ್ನು ಐದನೆಯ ಗೇರು ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಗೇರಿನ ಅನುಪಾತ ನೋಡೋಣ, ಅಂದರೆ ಹೊರಬರುವ ಒಂದು ಸುತ್ತಿಗೆ ಒಳಗೆ ಬೇಕಾಗುವ ಸುತ್ತುಗಳು. ಚಕ್ರದ ಸುತ್ತಳತೆ 2 ಮೀಟರ್, ಹಿಂದಿನ ಆಕ್ಸಲಿನ ಅನುಪಾತ 4.5 ಎಂದಿಟ್ಟುಕೊಳ್ಳೋಣ. ನಾಲ್ಕು ಗೇರಿನ ಪೆಟ್ಟಿಗೆಯ ಟಾಪ್ ಗೇರಿನ ಅನುಪಾತ 1 ಆದರೆ ಎಂಜಿನ್ನಿನ ನಿಮಿಷಕ್ಕೆ 3000 ಸುತ್ತಿಗೆ ವೇಗ ಗಂಟೆಗೆ 80 ಕಿಲೋಮೀಟರ್. ಐದನೆಯ ಗೇರು 0.8 ಇದ್ದರೆ ಅದೇ ವೇಗಕ್ಕೆ 2400 ಸುತ್ತು ಸಾಕು. ಶಿವಮೊಗ್ಗದಿಂದ ತೀರ್ಥಹಳ್ಳಿಯವರೆಗೆ ಐದನೆಯ ಗೇರು ಹಿತವೇ, ಆದರೆ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನಿಮ್ಮನ್ನು ಕಾಯುವುದು ಮೊದಲ ಎರಡು ಗೇರುಗಳು.

ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದದ್ದನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಪ್ಲೇಟಿನ ದಪ್ಪದಷ್ಟು ಗೇರ್‌ಬಾಕ್ಸ್ ಹಿಂದೆ ಸರಿಯುವುದರಿಂದ ಶಾಫ್ಟಿನ ತುದಿ ಬುಷ್ಷಿಗೆ ಎಟಕುತ್ತದೆಯೇ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಬೇಕೇ, ಸ್ಟಾರ್ಟರ್ ಹಲ್ಲು ಕಚ್ಚುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಎಂಜಿನ್ ಬದಲಾವಣೆಗೆ ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ಈ ಎಂಜಿನ್ನಿನದೇ ಐದು ಗೇರಿನ ಗೇರ್‌ಬಾಕ್ಸ್ ಮುಂದೆ ಸಿಕ್ಕರೆ ಈ ಪ್ಲೇಟಿನ ಗೋಜೇ ಬೇಡ ಎಂಬುದು ನನ್ನ ಅಭಿಪ್ರಾಯ. ಸಿಗದಿದ್ದರೆ, ತೀರ್ಥಹಳ್ಳಿಯವರೇ, ಕೇಂದ್ರವನ್ನು ಕಾಯಂ ಮಾಡುವ ಡೌಯೆಲ್ ಪಿನ್ನಿನ ತೂತು ಕೊರೆಸುವ ಮೊದಲು ಗೇಜಿನ ಅಂಕಿಯನ್ನು ನಮಗೆ ಬರೆದು ಕಳುಹಿಸಿ.