ಫ್ಯಾನ್ ತಿರುಗುತ್ತಿದೆ, ಆದರೂ ಗಾಡಿ ಬಿಸಿ ಯಾಕೆ?

ಈ ಸದ್ದು ಕೇಳಿಸ್ತಾ? ರೇಡಿಯೇಟರ್ ಫ್ಯಾನ್ ತಿರುಗುತ್ತಿದೆ, ನಿಜ. ಆದರೆ ಅದರಲ್ಲಿ ಜೋರಿಲ್ಲ. ಇವತ್ತು ಹಿಡಿಯಬೇಕಾದ ಕಳ್ಳ ಇಲ್ಲೇ ಎಲ್ಲೋ ಇದ್ದಾನೆ.

ನಮ್ಮೂರು ಉಡುಪಿ. ಕಾರು ಹಳೇ ಪೆಟ್ರೋಲ್ ಗಾಡಿ. ಹೈವೇಯಲ್ಲಿ ಓಡಿಸುವಾಗ ಏನೂ ತೊಂದರೆಯಿಲ್ಲ. ಕಲ್ಸಂಕದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮಾತ್ರ ಟೆಂಪರೇಚರ್ ಮುಳ್ಳು ಮೇಲೆ ಹತ್ತುತ್ತದೆ, ಎಸಿಯೂ ತಣ್ಣಗೆ ಬರುವುದಿಲ್ಲ. ಮುಂದೆ ರಸ್ತೆ ಖಾಲಿ ಸಿಕ್ಕರೆ ಮುಳ್ಳು ತಾನಾಗಿ ಇಳಿಯುತ್ತದೆ. ಅರ್ಧ ಉತ್ತರ ಇದರಲ್ಲೇ ಇದೆ. ಗಾಡಿ ಓಡುವಾಗ ಎದುರು ಗಾಳಿ ರೇಡಿಯೇಟರನ್ನು ತಣಿಸುತ್ತದೆ. ನಿಂತರೆ ಫ್ಯಾನೇ ಗತಿ. ಹೈವೇಯಲ್ಲೂ ಬಿಸಿಯಾಗುವ ಗಾಡಿಯಾಗಿದ್ದರೆ ನಾನು ಮೊದಲು ಕೂಲೆಂಟ್, ಥರ್ಮೋಸ್ಟಾಟ್, ವಾಟರ್ ಪಂಪ್ ನೋಡುತ್ತಿದ್ದೆ.

ಒಂದು ಗ್ಯಾರೇಜಿನಲ್ಲಿ ಫ್ಯಾನ್ ಮೋಟರನ್ನೇ ಬದಲಿಸಿ ಅಂದರು. ಇರಲಿ, ಮೊದಲು ಮೋಟರಿಗೆ ಕರೆಂಟ್ ಸರಿಯಾಗಿ ತಲುಪುತ್ತಿದೆಯಾ ನೋಡೋಣ.

ಫ್ಯಾನ್ ಪೂರ್ತಿ ನಿಂತೇ ಹೋಗಿದ್ದರೆ ದಾರಿ ಸುಲಭ. ಫ್ಯೂಸ್ ನೋಡಿ. ಬಾಕ್ಸಿನಲ್ಲಿ ಫ್ಯಾನಿನ ರಿಲೇ, ಅಂದರೆ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಸ್ವಿಚ್, ಇರುತ್ತದೆ. ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಎಸಿ ಹಾಕಿದಾಗ ಫ್ಯಾನ್ ತಿರುಗಿ, ಎಂಜಿನ್ ಬಿಸಿಯಾದಾಗ ತಿರುಗದಿದ್ದರೆ ಟೆಂಪರೇಚರ್ ಸೆನ್ಸರ್ ಮೇಲೆ ಅನುಮಾನಪಡಬಹುದು. ನಮ್ಮದು ಇದ್ಯಾವುದೂ ಅಲ್ಲ. ತಿರುಗುತ್ತದೆ, ಆದರೆ ಸೋಮಾರಿ.

ಈಗ ಮಲ್ಟಿಮೀಟರ್. ಎಂಜಿನ್ ಚಾಲೂ ಇದೆ, ಬ್ಯಾಟರಿಯ ಎರಡು ಟರ್ಮಿನಲ್ ನಡುವೆ 14.1 ವೋಲ್ಟ್. ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಚೆನ್ನಾಗಿದೆ. ಫ್ಯಾನಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಬಿಚ್ಚಿ ಅಳೆದರೂ ಹೆಚ್ಚುಕಮ್ಮಿ ಅಷ್ಟೇ ತೋರಿಸುತ್ತದೆ. ವೈರಿಂಗ್ ಸರಿ ಇದೆ ಅಂತ ತೀರ್ಮಾನ ಮಾಡುವುದು ಸಾಮಾನ್ಯವಾಗಿ ಇಲ್ಲೇ, ಎಡವುವುದೂ ಇಲ್ಲೇ. ಕಪ್ಲರ್ ಬಿಚ್ಚಿದಾಗ ವೈರಿನಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ? ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಎಲ್ಲಿಯೂ ಸೋರುವುದಿಲ್ಲ. ಒಂದೇ ಒಂದು ಎಳೆ ತಂತಿ ಉಳಿದಿದ್ದರೂ ಮೀಟರ್ ಚಂದದ ನಂಬರ್ ತೋರಿಸುತ್ತದೆ.

ಹಾಗಾಗಿ ಕಪ್ಲರ್ ಹಾಕಿ, ಫ್ಯಾನ್ ತಿರುಗುತ್ತಿರುವಾಗಲೇ ಹಿಂಬದಿಯಿಂದ ಸೂಜಿಯಂಥ ಪ್ರೋಬ್ ತೂರಿಸಿ ಅಳೆಯಬೇಕು. ನೋಡಿ, 10.6. ಮೂರೂವರೆ ವೋಲ್ಟ್ ಮಾಯ!

ಎಲ್ಲಿ ಹೋಯಿತು? ಬ್ಯಾಟರಿ ಪ್ಲಸ್‌ನಿಂದ ಮೋಟರಿನ ಪ್ಲಸ್‌ಗೆ ಮೀಟರ್ ಇಟ್ಟರೆ 0.3. ಪರವಾಗಿಲ್ಲ. ಮೋಟರಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ ಇಟ್ಟರೆ 3.2. ಸಿಕ್ಕಿಬಿದ್ದ. ತೊಂದರೆ ಅರ್ಥಿಂಗ್‌ನಲ್ಲಿ, ಅಂದರೆ ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿಯಲ್ಲಿ.

ಹೆಡ್‌ಲೈಟ್ ಕೆಳಗಿನ ಈ ಬೋಲ್ಟ್ ನೋಡಿ. ಅರ್ಥ್ ವೈರಿನ ರಿಂಗ್ ಮೇಲೆ ಹಸಿರು ಕಿಲುಬು, ಕೆಳಗೆ ಕಾರಿನ ಬಾಡಿಯ ಮೇಲೆ ತುಕ್ಕು. ನಮ್ಮ ಕರಾವಳಿಯ ಉಪ್ಪು ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಇನ್ನೇನಾಗುತ್ತದೆ ಹೇಳಿ. ಮೋಟರ್ ಸುಮಾರು 15 ಆಂಪ್ಸ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ಈ ಜಾಯಿಂಟಿನಲ್ಲಿ 0.2 ಓಮ್ ಅಡ್ಡಿ ಇದ್ದರೂ ಸಾಕು, 3 ವೋಲ್ಟ್ ಇಲ್ಲೇ ಖರ್ಚಾಗುತ್ತದೆ. ಅಂದರೆ 45 ವಾಟ್ ಸುಮ್ನೆ ಬಿಸಿಯಾಗಿ ಹೋಯಿತು. ಕೆಲವು ಗಾಡಿಗಳಲ್ಲಿ ಫ್ಯಾನ್ ಕಪ್ಲರ್ ಕರಗಿ ಕಪ್ಪಾಗಿರುತ್ತದಲ್ಲ, ಅದೂ ಹೆಚ್ಚಾಗಿ ಇಂಥದ್ದೇ ಕಥೆ.

ಬಿಚ್ಚುವ ಮೊದಲು ಇಗ್ನಿಷನ್ ಆಫ್, ಬ್ಯಾಟರಿಯ ಮೈನಸ್ ಕಳಚಿಡಿ. ಕೆಲವು ಗಾಡಿಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನ್ ದಿಢೀರನೆ ತಿರುಗುತ್ತದೆ. ಬೆರಳು ಜೋಪಾನ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ, ಒಳಗೆ ಪ್ರೆಷರ್ ಇರುತ್ತದೆ.

ಉಪ್ಪು ಕಾಗದದಲ್ಲಿ ಬಾಡಿಯನ್ನು ಹೊಳೆಯುವ ತನಕ ಉಜ್ಜಿದೆ. ಹೊಸ ರಿಂಗ್ ಹಾಕಿ ಪ್ರೆಸ್ ಮಾಡಿದೆ, ಬೋಲ್ಟ್ ಬಿಗಿ ಮಾಡಿ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಮತ್ತೆ ಅಳೆದರೆ ಮೈನಸ್ ಕಡೆ 0.1. ಈಗ ಕೇಳಿ ಸದ್ದು. ಅದೇ ಮೋಟರ್!

ಘಾಟಿ ಹತ್ತುವವರಿಗೆ ಒಂದು ಮಾತು. ಸೋಮೇಶ್ವರದಿಂದ ಆಗುಂಬೆಗೆ ಏರುವಾಗ ಎಂಜಿನ್ನಿಗೆ ಕೆಲಸ ಜಾಸ್ತಿ, ಗಾಡಿಯ ವೇಗ ಕಮ್ಮಿ, ಎದುರು ಗಾಳಿಯೂ ಕಮ್ಮಿ. ಫ್ಯಾನ್ ಸೋತು ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಫುಲ್ ಇಡಿ. ಕೂಲೆಂಟಿನ ಬಿಸಿ ಸ್ವಲ್ಪ ಒಳಗೆ ಬಂದು ಎಂಜಿನ್ ಉಸಿರಾಡುತ್ತದೆ. ನೀವು ಬೆವರುತ್ತೀರಿ, ಅದು ಬೇರೆ ಮಾತು. ಕರಾವಳಿಯವರಿಗೆ ಕಾರಿನ ಹೀಟರ್ ಉಪಯೋಗಕ್ಕೆ ಬರುವುದೇ ಇಂಥ ಹೊತ್ತಲ್ಲಿ. ಆದರೂ ಮುಳ್ಳು ಕೆಂಪು ಮುಟ್ಟುವಂತಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿಬಿಡಿ.

ಇನ್ನು ಕೆಲವರದ್ದು ಉಲ್ಟಾ ಕೇಸು, ಫ್ಯಾನ್ ನಿಲ್ಲುವುದೇ ಇಲ್ಲ. ರಿಲೇ ಒಳಗೆ ಅಂಟಿಕೊಂಡಿರಬಹುದು. ಸೆನ್ಸರ್ ಹಾಳಾದರೂ ಕೆಲವು ಗಾಡಿಗಳು ಮುಂಜಾಗ್ರತೆಗೆ ಫ್ಯಾನನ್ನು ಓಡಿಸುತ್ತಲೇ ಇರುತ್ತವೆ. ಅದನ್ನು ಮುಂದಿನ ವಿಡಿಯೋದಲ್ಲಿ ಬಿಚ್ಚಿ ತೋರಿಸುತ್ತೇನೆ. ಅಷ್ಟರಲ್ಲಿ ನಿಮ್ಮ ಗಾಡಿಯ ಫ್ಯಾನ್ ಓಡುವಾಗ ಮೈನಸ್ ಕಡೆ ಎಷ್ಟು ಬಂತು ಅಂತ ಅಳೆದು ಕಮೆಂಟಿನಲ್ಲಿ ಹಾಕಿ.