ತೋಟಾ ಕೂರದಿದ್ದರೆ ಒತ್ತಬೇಡಿ

ಕೇಳುಗರಿಗೆ ನಮಸ್ಕಾರ. ತೀರ್ಥಹಳ್ಳಿ ಕಡೆ ಕೋವಿ ರಿಪೇರಿ ಮಾಡುವುದು ನನ್ನ ಕೆಲಸ. ಅಪ್ಪನಿಂದ ಬಂದ ಕಸುಬು, ಪರವಾನಗಿಯೂ ಇದೆ. ವರ್ಷವಿಡೀ ಏನಾದರೊಂದು ಕೆಲಸ ಇರುತ್ತದೆ. ಆದರೆ ಕೋವಿಗೆ ಹಾಕುವ ಮದ್ದು, ಚರೆ ತುಂಬಿದ ಕೊಳವೆ, ಅಂದರೆ ತೋಟಾದ ಬಗ್ಗೆ ಒಂದು ದೂರು ಮಾತ್ರ ಮಳೆ ಹಿಂದಾದ ಕೂಡಲೇ ಶುರುವಾಗುತ್ತದೆ. "ತೋಟಾ ಒಳಗೆ ಹೋಗ್ತಾ ಇಲ್ಲ ಮಾರಾಯ್ರೇ, ಅರ್ಧಕ್ಕೇ ನಿಲ್ತದೆ" ಅಂತ. ಗದ್ದೆಗೆ ಹಂದಿ ಇಳಿಯುವ ಹೊತ್ತು ಅದು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ, ನಡುವೆ ಮಡಚಿ ತೋಟಾ ಹಾಕಿ ಮುಚ್ಚುವ ಒಂಟಿ ನಳಿಗೆ ಕೋವಿ ಮನೆಯಲ್ಲಿದೆ. ಗಾಳಿಗೆ ಒಂದು ಈಡು ಹೊಡೆದು ಸದ್ದು ಮಾಡೋಣ ಅಂದರೆ ಕೋವಿ ಮುಚ್ಚುವುದೇ ಇಲ್ಲ.

ಆಗ ಹೆಚ್ಚಿನವರು ಹೆಬ್ಬೆರಳಲ್ಲಿ ಒತ್ತುತ್ತಾರೆ. ಆಗಲಿಲ್ಲ ಅಂದರೆ ಮೊಣಕಾಲಿಗೆ ಕೊಟ್ಟು ಮುಚ್ಚುತ್ತಾರೆ. ಕತ್ತಿಯ ಹಿಡಿಯಿಂದ ತೋಟಾದ ಬುಡಕ್ಕೆ ಕುಟ್ಟಿದವರೂ ಇದ್ದಾರೆ. ಬುಡದ ನಡುವೆ ಇರುವುದೇ ಕೇಪು, ಪೆಟ್ಟು ಬಿದ್ದರೆ ಸಿಡಿದು ಮದ್ದಿಗೆ ಬೆಂಕಿ ಕೊಡುವಂಥದ್ದು. ಕೋವಿಯ ಸೂಜಿ ಹೋಗಿ ಹೊಡೆಯುವುದೂ ಅದಕ್ಕೇ ಅಲ್ವಾ? ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ನಡುಗುತ್ತದೆ.

ತೋಟಾ ಕೂರಲಿಲ್ಲ ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ತಪ್ಪು ತೋಟಾದ್ದೋ, ಕೋವಿಯದ್ದೋ, ಮೊದಲು ಅದು ಗೊತ್ತಾಗಬೇಕು. ಕೋವಿಯ ಬಾಯಿ ಯಾರ ಕಡೆಗೂ ಇರದ ಹಾಗೆ ಹಿಡಿದು ತೋಟಾ ಹೊರಗೆ ತೆಗೆಯಿರಿ. ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ನಮ್ಮ ಕಡೆ ಗೋಡೆಗೆ ಮಣ್ಣು ಮೆತ್ತಿ ಗೂಡು ಕಟ್ಟುವ ಕುಂಬಾರ ಹುಳ ಇದೆಯಲ್ಲ, ಮೂಲೆಯಲ್ಲಿಟ್ಟ ಕೋವಿಯ ನಳಿಗೆಯೂ ಅದಕ್ಕೆ ಒಳ್ಳೇ ಜಾಗ. ಆ ಮಣ್ಣು ಹಾಗೇ ಇದ್ದು ಈಡು ಹೊಡೆದರೆ ನಳಿಗೆ ಸೀಳುತ್ತದೆ.

ನಳಿಗೆ ಖಾಲಿ ಇದ್ದರೆ ತೋಟಾ ಕೂರುವ ಜಾಗ ನೋಡಿ. ನಾವು ಛೇಂಬರ್ ಅನ್ನುತ್ತೇವೆ. ಅಲ್ಲಿ ತುಕ್ಕು ಇದ್ದರೆ ಬೆರಳಿಗೇ ತಿಳಿಯುತ್ತದೆ. ಅದರ ಬಾಯಿಯ ಸುತ್ತ ತೋಟಾದ ಅಂಚು ಕೂರಲು ಸಣ್ಣ ತಗ್ಗು ಕೊರೆದಿರುತ್ತಾರೆ. ಹನ್ನೆರಡು ಬೋರಿನ ತೋಟಾ ನಿಲ್ಲುವುದೇ ಆ ಅಂಚಿನ ಮೇಲೆ. ಬೋರು ಅಂದರೆ ನಳಿಗೆಯ ಅಗಲದ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಆ ತಗ್ಗಿನಲ್ಲಿ ಕಸ ಸೇರಿದರೂ ಸಾಕು, ಕೋವಿ ಮುಚ್ಚುವುದಿಲ್ಲ. ಎಷ್ಟೋ ಸಲ ನಾನು ಅಲ್ಲಿಂದ ಕೆರೆದು ತೆಗೆದದ್ದು ಒಣಗಿ ಅಂಟಾದ ಕೊಬ್ಬರಿ ಎಣ್ಣೆ. ಮನೆಯಲ್ಲಿದೆ ಅಂತ ಸುಮ್ನೆ ಹಚ್ಚಿಬಿಡುತ್ತಾರೆ. ದಯವಿಟ್ಟು ಬೇಡ. ಕೋವಿ ಎಣ್ಣೆಯನ್ನೇ ತೆಳ್ಳಗೆ ಹಚ್ಚಿ, ಹೊಡೆಯುವ ಮೊದಲು ಒರೆಸಿ. ಚುನಾವಣೆ ಬಂದಾಗ ಠಾಣೆಯಲ್ಲಿ ಕೋವಿ ಇಡುವ ಮೊದಲೂ ಆ ಎಣ್ಣೆ ತೆಳ್ಳಗೆ ಹಚ್ಚಿ. ತಿಂಗಳುಗಟ್ಟಲೆ ನಿಂತ ಕೋವಿಗೆ ತುಕ್ಕು ಹಿಡಿಯದೆ ಇರುತ್ತದೆಯೇ?

ಇನ್ನು ತೋಟಾದ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಇಂಥ ತೇವದಲ್ಲಿ ಹಳೇ ಕಾಗದದ ತೋಟಾ ಉಬ್ಬದೇ ಇರುವುದಿಲ್ಲ. ಪ್ಲಾಸ್ಟಿಕ್ಕಿನದು ಉಬ್ಬುವುದಿಲ್ಲ, ಆದರೆ ಬುಡದ ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ. ಕೂದಲೆಳೆಯಷ್ಟು ದಪ್ಪವಾದರೂ ಅದು ಸಿಕ್ಕಿಕೊಳ್ಳುತ್ತದೆ. ಕೆಲವರು ತೋಟಾವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ, ಬೆಚ್ಚಗಿರಲಿ ಅಂತ. ಉಬ್ಬಿದ್ದನ್ನು ಅಡಿಕೆ ಬೇಯಿಸುವ ಒಲೆಯ ಹತ್ತಿರ ಒಣಗಿಸುವವರೂ ಇದ್ದಾರೆ. ಅದು ಮದ್ದು ತುಂಬಿದ ವಸ್ತು, ಹಪ್ಪಳ ಅಲ್ಲ. ಶಾಖಕ್ಕೆ ಮದ್ದು ಕೆಡುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ.

ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗ ಪಿಸ್ತೂಲು ಸ್ಪರ್ಧೆಗೆ ಹೋಗುತ್ತಾನೆ. ಅಲ್ಲಿ ಹೊಡೆದ ತೋಟಾದ ಖಾಲಿ ಹಿತ್ತಾಳೆ ಕೊಳವೆಗೆ ಹೊಸ ಕೇಪು, ಮದ್ದು, ಗುಂಡು ಹಾಕಿ ಮನೆಯಲ್ಲೇ ಮತ್ತೆ ತುಂಬಿಸಿಕೊಳ್ಳುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಅದನ್ನು ಮಾಡುವ ಹಾಗಿಲ್ಲ. ಆದರೆ ಹಾಗೆ ತುಂಬಿಸಿದ ತೋಟಾ ಕೂರದೆ ಇರುವ ಬಗ್ಗೆ ಅವನು ಹೇಳಿದ ತೊಂದರೆ ಕೇಳಿ ನನಗೆ ನಮ್ಮೂರಿನದೇ ಅನ್ನಿಸಿತು. ಒಮ್ಮೆ ಹೊಡೆದ ಕೊಳವೆ ಹಿಗ್ಗಿರುತ್ತದೆ. ಅದನ್ನು ಅಚ್ಚಿಗೆ ಕೊಟ್ಟು ಮೊದಲಿನ ಅಳತೆಗೆ ತರಬೇಕು. ಬುಡದವರೆಗೆ ಅಚ್ಚು ಇಳಿಯಲಿಲ್ಲ ಅಂದರೆ ಅಲ್ಲೊಂದು ಉಬ್ಬು ಉಳಿಯುತ್ತದೆ. ಗುಂಡು ಕೂರಿಸಲು ಕೊಳವೆಯ ಬಾಯಿ ಅರಳಿಸಿರುತ್ತಾರೆ, ಅದನ್ನು ಮತ್ತೆ ಮುಚ್ಚದಿದ್ದರೂ ಸಿಕ್ಕಿಕೊಳ್ಳುತ್ತದೆ. ಗುಂಡು ಮುಂದಕ್ಕೆ ಜಾಸ್ತಿ ಚಾಚಿದ್ದರೆ ನಳಿಗೆಯ ಒಳಗೆ ಗುಂಡು ತಿರುಗಿಸಲು ಕೊರೆದ ಗೆರೆಗಳಿಗೆ ತಾಗುತ್ತದೆ. 9 ಮಿಲಿಮೀಟರ್ ಪಿಸ್ತೂಲಿನ ತೋಟಾ 29.69 ಮಿಲಿಮೀಟರಿಗಿಂತ ಉದ್ದ ಇರಬಾರದು. ಆ ಅಳತೆ ಸರಿ ಇದ್ದರೂ ಗುಂಡಿನ ಮೂತಿ ದಪ್ಪಗಿದ್ದರೆ ಕೆಲವು ನಳಿಗೆಗಳಲ್ಲಿ ತಾಗುವುದುಂಟು.

ಅವನು ಪರೀಕ್ಷೆ ಮಾಡುವ ರೀತಿ ನನಗೆ ಬಹಳ ಹಿಡಿಸಿತು. ಪಿಸ್ತೂಲಿನಿಂದ ನಳಿಗೆ ಬಿಚ್ಚಿ ಕೈಯಲ್ಲಿ ಹಿಡಿದು, ತೋಟಾವನ್ನು ಅದರೊಳಗೆ ಬಿಡುತ್ತಾನೆ. ಟಣ್ ಅಂತ ಸದ್ದಾಗಿ ಕೂರಬೇಕು, ಬೆರಳಲ್ಲಿ ಸರಾಗ ತಿರುಗಬೇಕು, ನಳಿಗೆ ಮಗುಚಿದರೆ ತಾನಾಗಿ ಬೀಳಬೇಕು. ಬೀಳದಿದ್ದರೆ ತೋಟಾಕ್ಕೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು ಮತ್ತೆ ಬಿಡುತ್ತಾನೆ. ಎಲ್ಲಿ ಬಣ್ಣ ಉಜ್ಜಿಹೋಗಿದೆಯೋ ಅಲ್ಲೇ ತಾಗುತ್ತಿದೆ ಅಂತ. ನಾನೂ ಈಗ ನಳಿಗೆ ಬಿಚ್ಚಿಟ್ಟು, ಮದ್ದಿಲ್ಲದ ಡಮ್ಮಿ ತೋಟಾಕ್ಕೆ ಕಪ್ಪು ಬಳಿದು ನೋಡುತ್ತೇನೆ. ಅರ್ಧ ಗಂಟೆ ತಡಕಾಡುತ್ತಿದ್ದದ್ದು ಐದು ನಿಮಿಷಕ್ಕೆ ಗೊತ್ತಾಗುತ್ತದೆ.

ಆದರೆ ಕೂರದ ತೋಟಾಕ್ಕಿಂತ ಸಲೀಸಾಗಿ ಒಳಗೆ ಹೋಗಿಬಿಡುವ ತಪ್ಪು ತೋಟಾಕ್ಕೆ ನಾನು ಜಾಸ್ತಿ ಹೆದರುತ್ತೇನೆ. ಹಳೇ ಕೋವಿಗಳಲ್ಲಿ ಛೇಂಬರ್ 65 ಮಿಲಿಮೀಟರ್ ಇರುತ್ತದೆ. ಈಗಿನ ತೋಟಾ ಹೆಚ್ಚಾಗಿ 70. ಆ ಅಳತೆ ಹೊಡೆದಾದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು, ಹೊಡೆಯುವ ಮೊದಲು ಬಾಯಿ ಮಡಚಿ ಗಿಡ್ಡ ಇರುತ್ತದೆ. ಹಾಗಾಗಿ 65ರ ಕೋವಿಗೂ ಅದು ಹೋಗುತ್ತದೆ, ಕೋವಿ ಮುಚ್ಚುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಕೆತ್ತಿದ ಅಳತೆ ಓದಲಾಗದಿದ್ದರೆ ತಿಳಿದವರ ಹತ್ತಿರ ಅಳೆಸಿ.

ಮನೆಯಲ್ಲಿ ಹನ್ನೆರಡು ಬೋರಿನ ಜೊತೆ ಇಪ್ಪತ್ತು ಬೋರಿನ ಕೋವಿಯೂ ಇದ್ದರೆ ಇನ್ನೂ ಎಚ್ಚರ ಬೇಕು. ಇಪ್ಪತ್ತರ ತೋಟಾ ಸಣ್ಣದು. ಅದರ ಅಂಚು ಹನ್ನೆರಡರ ಛೇಂಬರಿಗಿಂತ ಚೂರು ಚಿಕ್ಕದು, ನಳಿಗೆಗಿಂತ ಚೂರು ದೊಡ್ಡದು. ಹಾಗಾಗಿ ಒಳಗೆ ಜಾರಿ, ಛೇಂಬರಿನ ಮುಂದೆ ಸಿಕ್ಕಿಕೊಂಡು ಕಣ್ಣಿಗೆ ಕಾಣದಾಗುತ್ತದೆ. ಹಾಕಿದವನು ಮರೆತು ಹಿಂದೆ ಇನ್ನೊಂದು ಹಾಕಿದರೆ ಅದೂ ಸರಿಯಾಗಿ ಕೂರುತ್ತದೆ. ಹೊಡೆದರೆ ನಳಿಗೆ ಒಡೆಯುವುದು ಎಡಗೈ ಹಿಡಿದ ಜಾಗದಲ್ಲೇ. ಅಪ್ಪ ನನಗೆ ಮೊದಲು ಕಲಿಸಿದ ಪಾಠ ಇದು. ಎರಡು ಬೋರಿನ ತೋಟಾ ಒಂದೇ ಡಬ್ಬಿಯಲ್ಲಿ, ಒಂದೇ ಜೇಬಿನಲ್ಲಿ ಇಡಲೇಬೇಡಿ.

ಉಬ್ಬಿದ, ಕಿಲುಬು ತಿಂದ, ಅಜ್ಜನ ಕಾಲದ ತೋಟಾ ಮನೆಯಲ್ಲಿದ್ದರೆ ಮರಳು ಕಾಗದ ಹಿಡಿದು ಉಜ್ಜಬೇಡಿ, ಬಿಚ್ಚಿ ಚರೆ ತೆಗೆಯಬೇಡಿ. ಒಲೆಗೆ, ಗೊಬ್ಬರದ ಗುಂಡಿಗೆ ಎಸೆಯಬೇಡಿ. ಲೈಸೆನ್ಸ್ ಪುಸ್ತಕದ ಜೊತೆ ತೋಟಾ ಕೊಂಡ ಅಂಗಡಿಗೋ ಠಾಣೆಗೋ ಹೋಗಿ ಕೇಳಿ. ಒಪ್ಪಿಸಿದ್ದಕ್ಕೆ ರಸೀದಿ ಪಡೆದುಕೊಳ್ಳಿ. ನಮಸ್ಕಾರ.